ಎರಡನೇ ಚಾನೆಲ್ಲಿನ ಟೆನಿಸ್ಸು

ಕುರಿಹಾಶಿ ನೊಬುಯೆಯ ಮನೆಯ ಗಿಡ್ಡ ಮೇಜಿಗೆ ದಿನಕ್ಕೆರಡು ಅವತಾರ. ಬೆಳಿಗ್ಗೆ ಅದು ಊಟದ ಮೇಜು. ಮಿಸೋ ಸಾರು, ಅನ್ನ, ಮೂಲಂಗಿ ಉಪ್ಪಿನಕಾಯಿ, ಅದಕ್ಕೆಲ್ಲ ಅಡ್ಡವಾಗಿ ಗಂಡ ಹರಡಿಕೊಂಡ ಪತ್ರಿಕೆ. ಗಂಡ ಬೂಟು ಮೆಟ್ಟಿ ಹೊರಟ ಮೇಲೆ ಅದೇ ಪತ್ರಿಕೆಯನ್ನು ಮೇಜಿನ ಮೇಲೆ ಹಾಸಿ, ಬೆಸುಗೆ ಕಡ್ಡಿಯನ್ನು ಕಾಯಲಿಟ್ಟರೆ ಅದು ಕಾರ್ಖಾನೆ. ಸಂಜೆ ಪತ್ರಿಕೆ ಮಡಚಿ, ಮೇಜು ಒರೆಸಿ, ಕಿಟಕಿ ತೆರೆದು ಹೊಗೆಯನ್ನು ಅಟ್ಟಿದರೆ ಮತ್ತೆ ಊಟದ ಮೇಜು. ಗಂಡ ತೆತ್ಸುಜಿಯ ಪಾಲಿಗೆ ಮಾತ್ರ ಅದು ಎಂದೂ ಊಟದ ಮೇಜೇ. ತಾನು ಹೋದ ಮೇಲೆ ಮನೆಯಲ್ಲಿ ಏನಾದರೂ ನಡೆಯುತ್ತದೆ ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. ತಾನು ಹೊರಟ ಕೂಡಲೇ ಮನೆ ಉಸಿರು ಬಿಗಿಹಿಡಿದು ಕೂತು, ತಾನು ಬಂದ ಮೇಲೆ ಬಿಡುತ್ತದೆ ಎಂದುಕೊಂಡಿದ್ದ.

ನೊಬುಯೆ ಅಕಿತಾ ಕಡೆಯ ಹಳ್ಳಿಯವಳು. ಹದಿನೈದಕ್ಕೆ ಶಾಲೆ ಮುಗಿದದ್ದೇ ಊರಿನ ಹುಡುಗಿಯರ ಜೊತೆ ರೈಲು ಹತ್ತಿ ಟೋಕಿಯೋದ ರೇಡಿಯೋ ಕಾರ್ಖಾನೆಗೆ ಬಂದಳು. ಕೂದಲೆಳೆಯಂಥ ತಂತಿಗಳನ್ನು ಬೆಸೆಯುವ ಆ ಹುಡುಗಿಯರ ಬೆರಳುಗಳನ್ನು ಪತ್ರಿಕೆಗಳು ದೇಶದ ಸಂಪತ್ತು ಎಂದು ಹೊಗಳುತ್ತಿದ್ದ ಕಾಲ ಅದು. ಮದುವೆಯಾದ ತಿಂಗಳಲ್ಲೇ ಕಾರ್ಖಾನೆಯವರು ಹೂಗುಚ್ಛ ಕೊಟ್ಟು ಬಾಗಿಲು ತೋರಿಸಿದರು. ದೇಶದ ಸಂಪತ್ತು ಕತ್ಸುಶಿಕಾದ ಸುಮಿರೆ-ಸೋ ಎಂಬ ಎರಡಂತಸ್ತಿನ ಮರದ ವಠಾರಕ್ಕೆ ಬಂದು ಮೂಲಂಗಿ ತುರಿಯತೊಡಗಿತು. ಮಕ್ಕಳಾಗಲಿಲ್ಲ. ಯಾವ ವೈದ್ಯರನ್ನೂ ಕೇಳದೆ ಅದನ್ನೂ ಅವಳ ಪಾಲಿಗೇ ಬರೆದರು.

ಕತ್ಸುಶಿಕಾ ಆಟಿಕೆಯವರ ಪೇಟೆ. ಹಿಂದೆಲ್ಲ ಮನೆಮನೆಯಲ್ಲೂ ಹೆಂಗಸರು ಗೊಂಬೆಗಳಿಗೆ ರೆಪ್ಪೆ ಅಂಟಿಸುತ್ತಿದ್ದರು, ತಗಡಿನ ಕಾರುಗಳಿಗೆ ಚಕ್ರ ಸಿಕ್ಕಿಸುತ್ತಿದ್ದರು. ಈಗ ಎರಡು ವರ್ಷದಿಂದ ಹೊಸದೊಂದು ಹುಚ್ಚು ಹತ್ತಿತ್ತು. ಟೀವಿಗೆ ತಂತಿ ಸಿಕ್ಕಿಸಿ ಮನೆಯಲ್ಲೇ ಆಡುವ ಟೆನಿಸ್ಸು. ಟೆನಿಸ್ಸೆಂದರೆ ಏನು, ಪರದೆಯ ಆಚೆಗೊಂದು ಈಚೆಗೊಂದು ಬಿಳಿ ಗೆರೆ, ನಡುವೆ ಚೌಕದ ಚೆಂಡು. ಚೆಂಡನ್ನು ದುಂಡಗೆ ಮಾಡುವಷ್ಟು ಬುದ್ಧಿ ಆ ಡಬ್ಬಿಗೆ ಇರಲಿಲ್ಲ. ಮೊದಲು ಒಂದು ಕಂಪನಿ ತಂದಿತು, ಆಮೇಲೆ ಎಲ್ಲರೂ ತಂದರು. ಈ ಬೇಸಿಗೆಯಲ್ಲಂತೂ ಕ್ಯೋಟೋದ ಇಸ್ಪೀಟು ಕಂಪನಿಯೊಂದು ಬಣ್ಣದ್ದನ್ನೇ ಬಿಟ್ಟು, ಕತ್ಸುಶಿಕಾದ ಸಣ್ಣಪುಟ್ಟ ಕಾರ್ಖಾನೆಗಳ ನಿದ್ದೆ ಕೆಡಿಸಿತ್ತು. ಅಂಥದ್ದರಲ್ಲಿ ಒಂದು ಹಿನಾಗಿಕು. ಅದರ ಡಬ್ಬಿಯ ತಿರುಗಿಸುವ ಗುಂಡಿಗಳಿಗೆ ತಂತಿ ಬೆಸೆದುಕೊಡುವುದು ನೊಬುಯೆಯ ಕೆಲಸ. ಇಡೀ ಯಂತ್ರವನ್ನು ಅವಳು ಎಂದೂ ಕಂಡಿರಲಿಲ್ಲ. ಪೀಸಿನ ಲೆಕ್ಕದಲ್ಲಿ ಮನೆಗೆ ಬರುತ್ತಿದ್ದದ್ದು ಗುಂಡಿಗಳು ಮಾತ್ರ.

ಮಾಡಿದ ಮಾಲನ್ನು ಒಯ್ಯಲು ಸಣ್ಣ ಲಾರಿ ಓಡಿಸಿಕೊಂಡು ಬರುತ್ತಿದ್ದವಳು ಮಿನೆಗಿಶಿ. ಹಿನಾಗಿಕುವಿನ ಮೇಸ್ತ್ರಿ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು, ಮತ್ತೊಬ್ಬನನ್ನು ಹುಡುಕುವ ಉಸಾಬರಿಗೆ ಹೋಗದೆ ಲಾರಿ ಕಲಿತವಳು. ಅಕ್ಟೋಬರಿನ ಒಂದು ದಿನ ಪೆಟ್ಟಿಗೆ ಎತ್ತುತ್ತ ಅವಳೇ ವಿಷಯ ತೆಗೆದಳು.

"ಕಾಲುವೆ ಪಕ್ಕ ಹೊಸ ಶೆಡ್ಡು ಹಾಕ್ತಿದಾರೆ ಕುರಿಹಾಶಿ-ಸಾನ್. ಬೆಸುಗೆ ಬರೋ ಹೆಂಗಸರು ಬೇಕು. ನೀವು ಬರ್ತೀರಾ?"

"ನಾನಾ?"

"ಮತ್ತೆ ಈ ಮೇಜನ್ನ ಕೇಳ್ತಿದೀನಾ? ತಿಂಗಳ ಸಂಬಳ, ಸ್ವಂತ ಕುರ್ಚಿ, ಸ್ವಂತ ದೀಪ. ಮಧ್ಯಾಹ್ನ ನೀವು ಎದ್ದು ಹೋಗಿ ಯಾರಿಗೂ ಟೀ ಮಾಡ್ಕೊಡಬೇಕಾಗಿಲ್ಲ."

ಸ್ವಂತ ದೀಪ ಎಂದದ್ದು ನೊಬುಯೆಯ ಎದೆಗೆ ನೇರವಾಗಿ ತಾಗಿತು. ಅವಳು ಕಿಟಕಿಯ ಬೆಳಕಿಗೆ ಕತ್ತು ಚಾಚಿ ಚಾಚಿ ಬಲಗಡೆಗೇ ವಾಲಿಬಿಟ್ಟಿದ್ದಳು. ಹನ್ನೊಂದು ವರ್ಷದಿಂದ ಅವಳು ಕೂತ ಜಾಗವೆಲ್ಲ ಬೇರೆಯವರು ಬಂದೊಡನೆ ಎದ್ದು ಬಿಟ್ಟುಕೊಡುವ ಜಾಗ. ಆ ಕುರ್ಚಿ ಬೇಕು ಎನ್ನಿಸಿತು. ಇಷ್ಟು ಗಟ್ಟಿಯಾಗಿ ಏನಾದರೂ ಬೇಕೆನ್ನಿಸಿ ಬಹಳ ಕಾಲವಾಗಿತ್ತು.

"ಒಂದೇ ಒಂದು," ಎಂದಳು ಮಿನೆಗಿಶಿ, ಕಾಗದ ಚಾಚುತ್ತ. "ಜಾಮೀನು ಅಂತ ಮನೆ ಯಜಮಾನರ ಮೊಹರು ಬೇಕು. ನಾನೇನು ಮಾಡ್ಲಿ, ಆಫೀಸಿನ ಗಂಡಸರು ಹಾಗೆ. ಹೆಂಗಸು ಬೆಸುಗೆ ಕಡ್ಡಿ ಕದ್ದು ಓಡಿಹೋದರೆ ಯಾರನ್ನ ಕೇಳೋದು ಅಂತ ಅವರಿಗೆ ಚಿಂತೆ. ಮುಂದಿನ ತಿಂಗಳೊಳಗೆ ತಂದ್ಕೊಡಿ. ಆಮೇಲೆ ಕುರ್ಚಿ ಖಾಲಿ ಇರಲ್ಲ."

ತೆತ್ಸುಜಿ ಕಾಗದ, ಪೆನ್ಸಿಲುಗಳ ಸಗಟು ಅಂಗಡಿಯಲ್ಲಿ ಮಾರಾಟದವನು. ದಿನವಿಡೀ ಗಿರಾಕಿಗಳ ಮುಂದೆ ಬಾಗಿ ಬಾಗಿ ಮಾತಾಡಿ ಸುಸ್ತಾಗುತ್ತಿದ್ದುದರಿಂದ ಮನೆಗೆ ಬಂದ ಮೇಲೆ ಬೆನ್ನನ್ನೂ ನಾಲಿಗೆಯನ್ನೂ ನೆಟ್ಟಗೆ ಇಟ್ಟುಕೊಳ್ಳುತ್ತಿದ್ದ. "ಊಟ." "ಸ್ನಾನ." "ಮಲಗ್ತೀನಿ." ಸಂಜೆಯ ಸಂಸಾರ ಇಷ್ಟರಲ್ಲೇ ಮುಗಿಯುತ್ತಿತ್ತು. ಅಂದು ಅವನು ಹುರಿದ ಮೀನಿನ ಮುಳ್ಳು ಬಿಡಿಸುತ್ತಿದ್ದಾಗ ನೊಬುಯೆ ಕಾಗದವನ್ನು ತಟ್ಟೆಯ ಪಕ್ಕಕ್ಕೆ ಸರಿಸಿದಳು.

"ರೀ, ಹಿನಾಗಿಕುನೋರು ಕೆಲಸಕ್ಕೆ ಕರೀತಿದಾರೆ. ಇಲ್ಲಿ ನಿಮ್ಮ ಮೊಹರು..."

"ಯಾಕೆ? ನಾನು ತಂದು ಹಾಕ್ತಿರೋದು ಸಾಲ್ತಿಲ್ವಾ?"

"ಸಾಲ್ತಿದೆ. ಅದಕ್ಕಲ್ಲ."

"ಮತ್ಯಾತಕ್ಕೆ? ಹೆಂಡ್ತೀನ ದುಡಿಯಕ್ಕೆ ಕಳಿಸಿದಾನೆ ಅಂತ ವಠಾರದೋರು ನಗಲಿ ಅಂತಾನಾ?"

ಮೂಲೆಯಲ್ಲಿ ಟೀವಿಯ ಮುಂದೆ ಕೂತಿದ್ದ ಅತ್ತೆ ಕಿನು ಕತ್ತು ತಿರುಗಿಸದೆ ಒಗ್ಗರಣೆ ಹಾಕಿದಳು. "ಇವಳು ಹೋದ್ರೆ ಮಧ್ಯಾಹ್ನ ನನಗೆ ನೂಡಲ್ಸು ಯಾರು ಬೇಯಿಸ್ತಾರೆ?"

"ನೀರು ಕುದಿಸಿ ಹಾಕೋದು ಅತ್ತೆ, ಅಷ್ಟೇ."

"ಕುದಿಸೋದು ನನಗೆ ಗೊತ್ತು. ಯಾರು ಅಂತ ಕೇಳ್ದೆ."

ಮೊಹರು ಅಲ್ಮೆರಾದ ಮೇಲಿನ ಸೆಳೆಖಾನೆಯಲ್ಲೇ ಇತ್ತು. ಕುರಿಹಾಶಿ ಎಂದು ಕೆತ್ತಿದ, ರುಜುವಿನ ಬದಲು ಒತ್ತುವ ಮರದ ತುಂಡು. ಆ ಸೆಳೆಖಾನೆಯ ಧೂಳು ಒರೆಸುವುದು ಅವಳ ಕೆಲಸ, ತೆಗೆದು ಒತ್ತುವುದು ಅವನ ಕೆಲಸ. ತಾನೇ ಒತ್ತಿಬಿಡಬಹುದಿತ್ತು. ಒತ್ತಲಿಲ್ಲ. ಕದ್ದು ಕೂತ ಕುರ್ಚಿಯಿಂದ ಯಾವಾಗ ಬೇಕಾದರೂ ಎಬ್ಬಿಸಬಹುದು ಎಂದು ಅವಳಿಗೆ ಗೊತ್ತಿತ್ತು.

ಮರುವಾರ ಮಿನೆಗಿಶಿ ಬಂದಾಗ ಅವಳ ಕೈಯಲ್ಲಿ ಕಿತ್ತಳೆ ಬಣ್ಣದ ಡಬ್ಬಿಯೊಂದಿತ್ತು. ಹಿನಾಗಿಕುವಿನ ಟೀವಿ ಟೆನಿಸ್ಸು. ಮೈ ಮೇಲೆ ಗೀರು ಬಿದ್ದು ಅಂಗಡಿಗೆ ಹೋಗಲಾರದ್ದು. "ನಿಮ್ಮ ಗುಂಡಿ ಎಲ್ಲಿ ಕೂರುತ್ತೆ ಅಂತಾದ್ರೂ ನೋಡಿ," ಎಂದು ಕೊಟ್ಟು ಹೋದಳು.

ಡಬ್ಬಿಯ ಹೊರಗಿನ ಪೆಟ್ಟಿಗೆಯ ಮೇಲೆ ಒಂದು ಚಿತ್ರ. ಅಪ್ಪ, ಮಗ ಗುಂಡಿ ಹಿಡಿದು ಕೂತಿದ್ದಾರೆ. ಮಗಳು ಚಪ್ಪಾಳೆ ತಟ್ಟುತ್ತಿದ್ದಾಳೆ. ಅಮ್ಮ ಹಿಂದೆ ನಿಂತಿದ್ದಾಳೆ, ಕೈಯಲ್ಲಿ ಸುಲಿದ ಸೇಬಿನ ತಟ್ಟೆ. "ಮನೆ ಮಂದಿಗೆಲ್ಲ ಆಟ!" ಎಂದು ಕೆಳಗೆ ಬರೆದಿತ್ತು. ನೊಬುಯೆ ಆ ಅಮ್ಮನ ಮುಖವನ್ನು ಹತ್ತಿರದಿಂದ ನೋಡಿದಳು. ನಗು ಇತ್ತು. ಚಿತ್ರ ಬರೆದವನು ಕಾಲಿನ ಗಂಟುನೋವನ್ನು ಬಿಟ್ಟಿದ್ದ.

ಸಂಜೆ ತೆತ್ಸುಜಿ ಡಬ್ಬಿಯನ್ನು ಕಂಡದ್ದೇ ಟೈ ಕೂಡ ಬಿಚ್ಚದೆ ಟೀವಿಯ ಹಿಂದೆ ತಲೆ ತೂರಿಸಿದ. ವಿವರಣೆಯ ಹಾಳೆಯನ್ನು ಹೆಂಡತಿಯ ಕಡೆ ಎಸೆದ. ಓದಲಲ್ಲ, ಕಸಕ್ಕೆ ಹಾಕಲು.

"ರೀ, ಈ ಸಣ್ಣ ಡಬ್ಬಿ ಹಾಗೇ ಉಳೀತಲ್ಲ. ಎಲ್ಲಿಗೋ ಸೇರಬೇಕಿತ್ತೇನೋ."

"ಯಂತ್ರ ಅಂದ್ಮೇಲೆ ಒಂದೆರಡು ಸಾಮಾನು ಉಳಿಯುತ್ತೆ. ಇದೆಲ್ಲ ಗಂಡಸರ ಕೆಲಸ, ಸುಮ್ನಿರು."

ಆಂಟೆನಾದ ತಂತಿಯನ್ನು ಬಿಚ್ಚದೆ, ಆಟದ ತಂತಿಯನ್ನೂ ಅದರ ಜೊತೆಗೇ ಅದೇ ತಿರುಪಿಗೆ ಸುತ್ತಿ ಬಿಗಿದ. ಟೋಕಿಯೋದಲ್ಲಿ ಒಂದನೇ ಚಾನೆಲ್ಲಿಗೂ ಮೂರನೇ ಚಾನೆಲ್ಲಿಗೂ ನಡುವಿನ ಎರಡು ಖಾಲಿ. ಅಲ್ಲಿಗೆ ತಿರುಗಿಸಿದರೆ ಬಿಳಿ ಗೆರೆಗಳು ಮೂಡಿದವು. ಚೆಂಡು ಟಕ್ ಎಂದಿತು. ತೆತ್ಸುಜಿ ಹತ್ತು ವರ್ಷದವನಂತೆ ಕೂಗಿದ. ಆಮೇಲೆ ಅವನಿಗೆ ತೊಡಕು ಗೊತ್ತಾಯಿತು. ಆಟಕ್ಕೆ ಇಬ್ಬರು ಬೇಕು.

"ಏ, ಬಾ ಇಲ್ಲಿ. ಆ ಕಡೆ ಹಿಡ್ಕೋ."

"ಪಾತ್ರೆ ಇದೆ."

"ಪಾತ್ರೆ ಎಲ್ಲೂ ಓಡಿಹೋಗಲ್ಲ."

ಮದುವೆಯಾದಾಗಿನಿಂದ ಅವನ ಬಾಯಲ್ಲಿ ಈ ಮಾತು ಬಂದದ್ದು ಅದೇ ಮೊದಲು. ನೊಬುಯೆ ಕೈ ಒರೆಸಿಕೊಂಡು ಕೂತಳು. ತಾನೇ ಬೆಸೆದಿರಬಹುದಾದ ಗುಂಡಿಯನ್ನು ತಿರುಗಿಸಿದಳು. ಗೆರೆ ಬೆಣ್ಣೆಯಂತೆ ಮೇಲೆ ಕೆಳಗೆ ಜಾರಿತು. ಮೊದಲ ಆಟ ಅವಳೇ ಗೆದ್ದಳು. ತೆತ್ಸುಜಿಯ ಮುಖ ಇಳಿಯಿತು, ಬಿಯರು ಬೆಚ್ಚಗಿದೆ ಎಂದ, ಟೀವಿಯ ಗಾಜು ಕೊಳೆಯಾಗಿದೆ ಎಂದ, ಸ್ನಾನಕ್ಕೂ ಏಳದೆ ಮತ್ತೊಂದು ಆಟ ಎಂದ. ಎರಡನೆಯದನ್ನು ಅವಳು ಸೋತುಕೊಟ್ಟಳು. ಅವನು ಹಾಡು ಗುನುಗುತ್ತ ಸ್ನಾನಕ್ಕೆ ಹೋದ. ಅಲ್ಲಿಂದ ಮುಂದೆ ದಿನವೂ ಪಾತ್ರೆ, ಸ್ನಾನದ ನೀರು, ಹಾಸಿಗೆಗಳ ಜೊತೆಗೆ ಸೋಲುವುದೂ ಅವಳ ಸಂಜೆಯ ಕೆಲಸಗಳಲ್ಲಿ ಒಂದಾಯಿತು. ಬೇಗ ಸೋತರೆ ಅನುಮಾನ, ತಡವಾಗಿ ಸೋತರೆ ಪಾತ್ರೆ ಒಣಗುತ್ತದೆ. ಹದ ನೋಡಿ ಸೋಲಬೇಕಿತ್ತು.

ಇತ್ತ ವಠಾರದಲ್ಲಿ ವಿಚಿತ್ರ ನಡೆಯತೊಡಗಿತು. ಸುಮಿರೆ-ಸೋದ ಎಲ್ಲ ಮನೆಗಳಿಗೂ ಮಾಡಿನ ಮೇಲಿನ ಆಂಟೆನಾ ಒಂದೇ. ಮಾಲೀಕ ತೊಕಿತಾ ಮುದುಕ ಹಾಕಿಸಿದ್ದು. ನವೆಂಬರು ಬರುವ ಹೊತ್ತಿಗೆ ಸಂಜೆಯಾದರೆ ಎಲ್ಲರ ಟೀವಿಯಲ್ಲೂ ಖಾಲಿ ಚಾನೆಲ್ಲಿನಲ್ಲಿ ಬಿಳಿ ಗೆರೆಗಳು ಓಡಾಡುತ್ತಿದ್ದವು. ಒಂದನೇ ಚಾನೆಲ್ಲಿನ ಸುದ್ದಿ ಓದುವವನ ಮೂಗಿನ ಮೇಲೂ ಮಸುಕಾಗಿ ಒಂದು ಚೌಕ ಹಾಯುತ್ತಿತ್ತು. ಬಟ್ಟೆ ಒಣಗಿಸುವಲ್ಲಿ ಮೇಲ್ಮನೆಯ ಓಗುಶಿ ನೊಬುಯೆಯನ್ನು ಹಿಡಿದಳು. ಓಗುಶಿ ಮೀನಿನಂಗಡಿಯವನ ಹೆಂಡತಿ, ವಠಾರದ ಎಲ್ಲ ಸುದ್ದಿಯೂ ಅವಳ ಬಳಿ ಹಸಿಹಸಿಯಾಗಿ ಸಿಗುತ್ತಿತ್ತು.

"ನಿಮ್ಮನೇಲೂ ಬರುತ್ತಾ ಆ ಟೆನಿಸ್ಸು? ನಮ್ಮನೆಯೋರು ಯಾವುದೋ ಹೊಸ ಸ್ಟೇಷನ್ನು, ಪರೀಕ್ಷೆ ಮಾಡ್ತಿದಾರೆ ಅಂತಾರೆ. ನಾವಂತೂ ದಿನಾ ನೋಡ್ತೀವಪ್ಪ. ಎಡಗಡೆಯೋನಿಗೆ ಆಡಕ್ಕೇ ಬರಲ್ಲ ಕಣ್ರೀ! ಬಲಗಡೆಯೋರು ಪಾಪ ಬೇಕಂತ್ಲೇ ಬಿಟ್ಕೊಡ್ತಾರೆ. ಚೆಂಡು ಮುಂದೇನೇ ಇರುತ್ತೆ, ಗೆರೆ ಹಾಗೇ ಮೇಲಕ್ಕೆ ಸರಿಯುತ್ತೆ. ಯಾರೋ ಹೆಂಡ್ತಿ ಇರಬೇಕು ಅಂದೆ ನಾನು."

ನೊಬುಯೆ ಕೈಯಲ್ಲಿದ್ದ ಗಂಡನ ಅಂಗಿಯನ್ನು ಜೋರಾಗಿ ಕೊಡವಿದಳು. ಮನೆಯ ಮೂಲೆಯಲ್ಲಿ ಉಳಿದ ಆ ಸಣ್ಣ ಡಬ್ಬಿ ಕಣ್ಣ ಮುಂದೆ ಬಂತು. ಅಂದು ಸಂಜೆಯೇ ಹೇಳಿದಳು. "ರೀ, ನಮ್ಮ ಆಟ ಎಲ್ಲರ ಮನೇಲೂ ಕಾಣ್ತಿದೆಯಂತೆ."

"ಗಾಳಿಗೆ ಆಂಟೆನಾ ತಿರುಗಿರುತ್ತೆ. ಹೆಂಗಸರ ಮಾತು ಕಟ್ಕೊಂಡು ಆಟ ಕೆಡಿಸ್ಬೇಡ. ಚೆಂಡು ಬಿಡು."

ಕೆಡುವುದು ಭಾನುವಾರ ಕೆಟ್ಟಿತು. ಭಾನುವಾರ ರಾತ್ರಿ ಎಂಟಕ್ಕೆ ಒಂದನೇ ಚಾನೆಲ್ಲಿನಲ್ಲಿ ವರ್ಷವಿಡೀ ಸಾಗುವ ಐತಿಹಾಸಿಕ ಧಾರಾವಾಹಿ. ಆ ಹೊತ್ತಿನಲ್ಲಿ ಜಪಾನಿನ ಯಾವ ಮಗನೂ ತಾಯಿಯ ಮುಂದಿನ ಟೀವಿ ಮುಟ್ಟುವುದಿಲ್ಲ. ತೆತ್ಸುಜಿಯೂ ಚಾನೆಲ್ಲು ಮುಟ್ಟಲಿಲ್ಲ, ಆಟದ ಡಬ್ಬಿಯನ್ನು ಆರಿಸಲು ಮಾತ್ರ ಮರೆತ. ಕಥೆಯ ನಾಯಕ ಬಿಳಿ ಬಟ್ಟೆಯುಟ್ಟು, ಹೆಂಡತಿಗೆ ವಿದಾಯ ಹೇಳಿ, ಹೊಟ್ಟೆ ಬಗೆದುಕೊಳ್ಳಲು ಕತ್ತಿ ಎತ್ತಿದಾಗ ಅವನ ಹೊಟ್ಟೆಯ ಮೇಲೆ ಚೌಕದ ಚೆಂಡೊಂದು ಬಂದು ಬಡಿದು ವಾಪಸು ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಕಿನು ಕಿರುಚಿದಳು. ಅದೇ ಗಳಿಗೆಗೆ ಗೋಡೆಗಳಾಚೆ, ಮಹಡಿಯ ಮೇಲೆ, ಇಡೀ ವಠಾರ ಕಿರುಚಿತು.

ಮರುದಿನ ಸಂಜೆ ತೊಕಿತಾ ಮುದುಕ ರಿಪೇರಿಯವನನ್ನು ಕರೆದುಕೊಂಡು ಮನೆಮನೆ ಹುಡುಕುತ್ತ ಬಂದ. ರಿಪೇರಿಯವನು ಟೀವಿಯ ಹಿಂದೆ ಬಗ್ಗಿ ನೋಡಿ ನಕ್ಕ.

"ಯಜಮಾನ್ರೆ, ಆಂಟೆನಾ ತಂತೀನೂ ಇದನ್ನೂ ಒಟ್ಟಿಗೇ ಕಟ್ಟಿದೀರಲ್ಲ! ನಿಮ್ಮ ಆಟ ಮಾಡಿಗೆ ಹತ್ತಿ, ಅಲ್ಲಿಂದ ಎಲ್ಲರ ಮನೆಗೂ ಇಳೀತಿದೆ. ನಡುವೆ ಒಂದು ಸಣ್ಣ ಡಬ್ಬಿ ಬರುತ್ತಲ್ಲ, ಎಲ್ಲಿ ಅದು?"

ತೆತ್ಸುಜಿ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದ. ರಿಪೇರಿಯವನು ತಂತಿ ಸರಿಮಾಡಿದ. ತೊಕಿತಾ ಗಂಟಲು ಸರಿಮಾಡಿಕೊಂಡು, "ಹೋಗ್ಲಿ, ಆಗುತ್ತೆ. ಮನೆಮನೆಗೂ ಹೋಗಿ ಒಂದು ಮಾತು ಹೇಳಿಬಿಡಿ," ಎಂದು ಹೋದ.

ಒಂದು ಮಾತು ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಅಂಗಡಿಯಿಂದ ಅಂದವಾಗಿ ಕಟ್ಟಿಸಿದ ಸಿಹಿಯ ಪೊಟ್ಟಣಗಳನ್ನು ಹಿಡಿದು ಬಾಗಿಲು ಬಾಗಿಲಿಗೂ ಹೋಗಿ, ಹಣೆ ಮೊಣಕಾಲಿಗೆ ಮುಟ್ಟುವಷ್ಟು ಬಾಗಿ, ತೊಂದರೆ ಕೊಟ್ಟೆವು ಎಂದು ಹೇಳಿ ಬರುವುದು. ಅದು ಹೆಂಡತಿಯ ಕೆಲಸ. ಗಂಡ ಕುಡಿದು ಬಂದು ಬೇರೆಯವರ ಬಾಗಿಲು ತಟ್ಟಿದಾಗ, ಸ್ನಾನದ ನೀರು ಪಕ್ಕದ ಮನೆಗೆ ಹರಿಸಿದಾಗ ಎಲ್ಲ ನೊಬುಯೆಯೇ ಹೋಗಿ ಬಾಗಿ ಬಂದಿದ್ದಳು. ತೆತ್ಸುಜಿಯ ತಪ್ಪುಗಳಿಗೆ ಅವಳ ಬೆನ್ನು ಪಳಗಿತ್ತು.

"ನಾಳೆ ಸಿಹಿ ತಂದು ಹೋಗಿ ಬಾ," ಎಂದ ತೆತ್ಸುಜಿ.

"ಸಿಹಿ ತಂದಿಡ್ತೀನಿ. ನೀವು ಹೋಗಿ."

"ಏನಂದೆ?"

"ತಂತಿ ಕಟ್ಟಿದ್ದು ಗಂಡಸರ ಕೆಲಸ ಅಂದ್ರಲ್ಲ. ಬಾಗೋದೂ ಗಂಡಸರ ಕೆಲಸಾನೇ. ದಿನಾ ಅಂಗಡೀಲಿ ಮಾಡ್ತೀರಲ್ಲ, ನನಗಿಂತ ಚೆನ್ನಾಗಿ ಬರುತ್ತೆ ನಿಮಗೆ."

ತೆತ್ಸುಜಿಯ ಕಣ್ಣು ಕೆಂಪಾಯಿತು. ಸಹಾಯಕ್ಕೆಂದು ತಾಯಿಯ ಕಡೆ ತಿರುಗಿದ. ಕಿನು ಬೇರೆ ದಿನವಾಗಿದ್ದರೆ ಸೊಸೆಯನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಆದರೆ ಆ ಕತ್ತಿ, ಆ ಬಿಳಿ ಬಟ್ಟೆ, ಆ ಚೆಂಡು ಅವಳ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿದ್ದವು.

"ಅವನು ಸಾಯೋದನ್ನ ನೋಡಕ್ಕೆ ಜನವರಿಯಿಂದ ಕಾದಿದ್ದೆ ನಾನು," ಎಂದಳು. "ಮೊದಲು ನನಗೆ ಬಾಗು. ಆಮೇಲೆ ಮೇಲ್ಮನೆಗೆ ಹೋಗು."

ಮರುದಿನ ಸಂಜೆ ತೆತ್ಸುಜಿ ಟೈ ಬಿಗಿದು, ಕೆಂಪು ಕಾಳಿನ ಹೂರಣ ತುಂಬಿದ ಸಿಹಿಯ ಪೊಟ್ಟಣಗಳನ್ನು ಹೊತ್ತು ಹೊರಟ. ನೊಬುಯೆ ಬಾಗಿಲ ಹಿಂದೆ ನಿಂತಳು. ಸುಮಿರೆ-ಸೋದ ಗೋಡೆಗಳು ಕಾಗದಕ್ಕಿಂತ ಒಂಚೂರು ದಪ್ಪ, ಕಿವಿ ಆನಿಸುವ ಅಗತ್ಯವೇ ಇರಲಿಲ್ಲ.

ಪಕ್ಕದ ಮನೆಯ ಬಾಗಿಲು ತೆರೆಯಿತು. ಗಂಡಸೊಬ್ಬ ಸಿಹಿಯ ಪೊಟ್ಟಣ ಹಿಡಿದು ನಿಂತದ್ದನ್ನು ಕಂಡ ಆ ಮನೆಯ ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ! ನೊಬುಯೆ-ಸಾನ್‌ಗೆ ಏನಾಯ್ತು? ಆಸ್ಪತ್ರೇಲಿದಾರಾ?"

"ಇಲ್ಲ, ಇಲ್ಲ. ಚೆನ್ನಾಗಿದಾಳೆ. ಅದು... ಟೀವಿ ವಿಷಯ..."

"ಚೆನ್ನಾಗಿದ್ರೆ ನೀವ್ಯಾಕೆ ಬಂದ್ರಿ?"

ಮುಂದಿನ ಬಾಗಿಲಲ್ಲಿ ಇನ್ನೂ ಹೆಚ್ಚಿನ ಕಳವಳ. ಅಷ್ಟು ಹೊತ್ತಿಗೆ ಓಗುಶಿ ಮೆಟ್ಟಿಲ ಮೇಲಿಂದಲೇ ಕೂಗಿದಳು. "ಕುರಿಹಾಶಿ-ಸಾನ್, ತವರಿಗೆ ಹೋಗ್ಬಿಟ್ರಾ ಅವರು? ನಾನು ಅಂದ್ಕೊಂಡಿದ್ದೆ. ಆ ಟೆನಿಸ್ಸು ನೋಡಿದಾಗಲೇ ಅಂದ್ಕೊಂಡಿದ್ದೆ!"

ವಠಾರದ ಬಾಗಿಲುಗಳೆಲ್ಲ ತೆರೆದುಕೊಂಡವು. ಹೆಂಡತಿ ಬಿಟ್ಟುಹೋದ ಗಂಡಸನ್ನು ನೋಡಲು ಯಾರಿಗೆ ತಾನೇ ಕುತೂಹಲವಿಲ್ಲ? ತೆತ್ಸುಜಿಯ ಕಿವಿಯವರೆಗೂ ಬೆವರು. ಹೆಂಡತಿ ಬರಲ್ಲ ಅಂದಳು ಎನ್ನುವುದೆಂದರೆ ನಾಳೆಯಿಂದ ವಠಾರದಲ್ಲಿ ತಲೆಯೆತ್ತುವ ಹಾಗಿಲ್ಲ. ಬೇರೆ ಏನಾದರೂ ಹೇಳಬೇಕು, ಈಗಲೇ ಹೇಳಬೇಕು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಹಾಗೇನಿಲ್ಲ! ಅವಳು ಕೆಲಸಕ್ಕೆ ಸೇರ್ತಿದಾಳೆ. ಹಿನಾಗಿಕುನಲ್ಲಿ. ಅದಕ್ಕೆ... ಸಿದ್ಧತೆ, ಓಡಾಟ. ಅದಕ್ಕೇ ನಾನೇ ಬಂದೆ."

ಓಗುಶಿ ಎರಡು ಮೆಟ್ಟಿಲು ಇಳಿದು ಬಂದಳು.

"ಕಾರ್ಖಾನೆ ಕೆಲಸಾನಾ? ತಿಂಗಳ ಸಂಬಳದ್ದಾ?" ಎಂದಳು ಓಗುಶಿ.

"ಹೌದು ಹೌದು, ಸಂಬಳದ್ದೇ," ಎಂದ ತೆತ್ಸುಜಿ, ಮುಳುಗುವವನಿಗೆ ಹಲಗೆ ಸಿಕ್ಕಂತೆ. "ಅವಳ ಬೆಸುಗೆ ಅಂದ್ರೆ ಅಲ್ಲಿ... ಬಹಳ..."

"ನೀವು ಒಪ್ಪಿದ್ರಾ? ನಿಮ್ಮನ್ನ ಹಾಗಲ್ಲ ಅಂದ್ಕೊಂಡಿದ್ವಿ! ನಮ್ಮನೆಯೋರಿಗೆ ಸ್ವಲ್ಪ ಹೇಳಿ ಕುರಿಹಾಶಿ-ಸಾನ್. ರೀ, ಬನ್ನಿ ಇಲ್ಲಿ, ಇವರನ್ನ ನೋಡಿ ಕಲೀರಿ!"

ಬಾಗಿಲ ಹಿಂದೆ ನೊಬುಯೆ ಏಪ್ರನ್ನಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಹೊರಗೆ ಗಂಡ ಮನೆಮನೆಯಲ್ಲೂ ಅದನ್ನೇ ಹೇಳುತ್ತ ಹೋದ. ಕೊನೆಯ ಬಾಗಿಲಿಗೆ ಬರುವಷ್ಟರಲ್ಲಿ, ಹೆಂಗಸರು ಹೊರಗೆ ಹೋಗಿ ನಾಲ್ಕು ಜನರನ್ನು ನೋಡಬೇಕು, ಕಾಲ ಬದಲಾಗಿದೆ ಎಂದು ತಾನೇ ಉಪದೇಶಿಸುತ್ತಿದ್ದ.

ಅವನು ಒಳಗೆ ಬಂದು ಕೂತ. ನೊಬುಯೆ ಕಾಗದವನ್ನು ಮೇಜಿನ ಮೇಲಿಟ್ಟಳು.

"ಅದು... ಹೊರಗಡೆ ಸುಮ್ನೆ ಮಾತಿಗೆ ಅಂದಿದ್ದು," ಎಂದ ತೆತ್ಸುಜಿ.

"ಹೌದಾ? ಸರಿ, ಹೋಗಿ ಎಲ್ಲರಿಗೂ ಹೇಳಿ ಬರ್ತೀನಿ, ಸುಳ್ಳು ಅಂತ," ಎಂದು ಅವಳು ಎದ್ದಳು.

"ಏ, ಕೂತ್ಕೋ, ಕೂತ್ಕೋ!"

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಓಗುಶಿ ಒಂದು ಮುಚ್ಚಿದ ಬಟ್ಟಲು ಹಿಡಿದು ನಿಂತಿದ್ದಳು. ಶುಭಕಾರ್ಯಕ್ಕೆ ಮಾಡುವ ಕೆಂಪು ಕಾಳಿನ ಅನ್ನ. ಅವಳ ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಮಾಡಿದ್ದರಲ್ಲಿ ಉಳಿದದ್ದು. ಆದರೂ ಶುಭವೇ. ತೆತ್ಸುಜಿ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡು ಮತ್ತೊಮ್ಮೆ ಬಾಗಿದ. ಬಾಗಿಲು ಮುಚ್ಚಿ, ಬಟ್ಟಲನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಸುತ್ತು ತಿರುಗಿ, ಕೊನೆಗೆ ಟೀವಿಯ ಮೇಲಿಟ್ಟು ಅಲ್ಮೆರಾದ ಕಡೆ ನಡೆದ.

"ಮನೆಗೆ ಏನೂ ಕೊರತೆ ಆಗಬಾರದು," ಎಂದ ಸೆಳೆಖಾನೆ ಎಳೆಯುತ್ತ, ಯಜಮಾನನ ದನಿಯನ್ನು ಎಲ್ಲಿಂದಲೋ ಹೆಕ್ಕಿ ತಂದು. "ಅಷ್ಟು ಗೊತ್ತಿರಲಿ."

"ಮನೇಲಿ ನೀವೂ ಇರ್ತೀರಲ್ಲ," ಎಂದಳು ನೊಬುಯೆ. "ಕೊರತೆ ಕಂಡ್ರೆ ತುಂಬಿಸಿ."

"ನನ್ನ ನೂಡಲ್ಸು?" ಎಂದಳು ಕಿನು.

"ನೀರು ಅವರು ಕುದಿಸಿಟ್ಟು ಹೋಗ್ತಾರೆ ಅತ್ತೆ. ಫ್ಲಾಸ್ಕಿದೆ."

ಕಿನು ಮಗನನ್ನು ಮೇಲಿಂದ ಕೆಳಗೆ ಅಳೆದು, ಬಿಸಿನೀರಿನ ವಿಷಯದಲ್ಲಿ ನಂಬಬಹುದೇ ಎಂದು ಯೋಚಿಸಿದಳು. ಆಮೇಲೆ ಟೀವಿಯ ಕಡೆ ತಿರುಗಿದಳು. ಒಪ್ಪಿಗೆ ಎಂದರೆ ಅವಳ ಮಟ್ಟಿಗೆ ಅಷ್ಟೇ.

ತೆತ್ಸುಜಿ ಮೊಹರನ್ನು ಕೆಂಪು ಶಾಯಿಗೆ ಅದ್ದಿ, ಸಿಟ್ಟಿನಿಂದ ಒತ್ತಿದ. ಎತ್ತಿ ನೋಡಿದರೆ ಕುರಿಹಾಶಿ ಎಂಬ ಹೆಸರು ತಲೆಕೆಳಗಾಗಿ, ಒಂದು ಪಕ್ಕಕ್ಕೆ ವಾಲಿ ಬಿದ್ದಿತ್ತು.

ಮರುದಿನ ಕಾಲುವೆಯ ಪಕ್ಕದ ಶೆಡ್ಡಿನಲ್ಲಿ ಕಾಗದ ಕೊಡುವಾಗ ನೊಬುಯೆಗೆ ಅಳುಕು. "ತಲೆಕೆಳಗಾಗಿದೆ. ನಡೆಯುತ್ತಾ ಮಿನೆಗಿಶಿ-ಸಾನ್?"

ಮಿನೆಗಿಶಿ ತನ್ನ ಸೆಳೆಖಾನೆಯಿಂದ ಕಾಗದಗಳ ಕಟ್ಟನ್ನು ತೆಗೆದು ಬಿಡಿಸಿ ತೋರಿಸಿದಳು. ಓರೆಯಾದದ್ದು, ಅರ್ಧ ಮೂಡಿದ್ದು, ಕಾಗದ ಹರಿಯುವಷ್ಟು ಒತ್ತಿದ್ದು, ಮೀನಿನ ಸಾರು ಚೆಲ್ಲಿದ್ದು.

"ನೆಟ್ಟಗೆ ಒತ್ತಿದ ಗಂಡ ಇನ್ನೂ ಹುಟ್ಟಿಲ್ಲ ಕಣ್ರೀ," ಎಂದಳು. "ಬನ್ನಿ, ನಿಮ್ಮ ದೀಪ ತೋರಿಸ್ತೀನಿ."